ವೀಣೆಗೆ ಕಟ್ಟಿ: ಮೈಸೂರಿನಲ್ಲಿ ಸಂಗೀತ ಶಾಲೆ, ಕಛೇರಿ ಸಭಾಂಗಣ ಕಟ್ಟಿಸುವವರಿಗೆ

ಮೈಸೂರಿನಲ್ಲಿ ಸಂಗೀತ ಪಾಠ ನಡೆಯದ ಬಡಾವಣೆ ಹುಡುಕುವುದು ಕಷ್ಟ. ಮನೆಯ ಮಹಡಿಯಲ್ಲಿ, ಕಾರ್ ಶೆಡ್ಡಿನಲ್ಲಿ, ದೇವಸ್ಥಾನದ ಪಕ್ಕದ ಕೋಣೆಯಲ್ಲಿ ಸಂಜೆಯಾದರೆ ಸರಳೆ, ಜಂಟಿ ವರಸೆ ಕೇಳುತ್ತದೆ. ಮಕ್ಕಳು ಜಾಸ್ತಿಯಾದಾಗ ಮೇಷ್ಟ್ರಿಗೆ ಸ್ವಂತ ಕಟ್ಟಡದ ಆಸೆ ಬರುತ್ತದೆ. ಕೆಳಗೆ ಪಾಠದ ಕೋಣೆಗಳು, ಮೇಲೊಂದು ಪುಟ್ಟ ಸಭಾಂಗಣ. ಒಳ್ಳೆಯ ಆಸೆ. ಈ ಊರಿನಲ್ಲಿ ಅದಕ್ಕೆ ದೊಡ್ಡ ಮೇಲ್ಪಂಕ್ತಿಯೂ ಇದೆ. ಹಾಡುಗಾರ ಬಿಡಾರಂ ಕೃಷ್ಣಪ್ಪನವರು ತಾವೇ ಮುಂದೆ ನಿಂತು, ಕಛೇರಿಗಳು ನಡೆಯುವ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದರು. ಅವರ ಶಿಷ್ಯ ಟಿ. ಚೌಡಯ್ಯನವರು, ಮೈಕಿಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಪಿಟೀಲು ಕೇಳಲಿ ಎಂದು ನಾಲ್ಕು ತಂತಿಯ ವಾದ್ಯಕ್ಕೆ ಏಳು ತಂತಿ ಕಟ್ಟಿಕೊಂಡರು.

ಈಗ ನಾವು ಮಾಡುತ್ತಿರುವುದೇನು? ಗೋಡೆಗೆ, ಬಾಗಿಲಿಗೆ ಕಡಿಮೆ ಖರ್ಚು ಮಾಡಿ, ಉಳಿದದ್ದನ್ನೆಲ್ಲ ಹೊಳೆಯುವ ಟೈಲ್ಸಿಗೂ ಸ್ಪೀಕರಿಗೂ ಸುರಿಯುತ್ತೇವೆ. ಕೊನೆಗೆ ಇಪ್ಪತ್ತು ಜನ ಕೂತ ಕೋಣೆಯಲ್ಲೂ ಮೈಕು ಬೇಕಾಗುತ್ತದೆ.

ನನ್ನ ಸಲಹೆ ಒಂದೇ. ನಿಮ್ಮ ಕಟ್ಟಡವನ್ನು ವೀಣೆಗೆ ಕಟ್ಟಿ. ನಮ್ಮ ವಾದ್ಯಗಳಲ್ಲಿ ಬಹಳ ಮೆಲುದನಿ ಅದರದ್ದು. ಒಂದು ಮೀಟು ಹಾಕಿ ಗಮಕ ಎಳೆದರೆ, ಕೊನೆಯ ಎಳೆ ಉಸಿರಿನಷ್ಟು ಸಣ್ಣದಾಗಿ ಉಳಿಯುತ್ತದೆ. ಆ ಎಳೆ ಹಿಂದಿನ ಸಾಲಿನವರಿಗೆ ಮೈಕಿಲ್ಲದೆ ಕೇಳುವಂತಿದ್ದರೆ, ಹಾಡುಗಾರಿಕೆ, ಕೊಳಲು, ಪಿಟೀಲು ಎಲ್ಲಕ್ಕೂ ಆ ಜಾಗ ಒಗ್ಗುತ್ತದೆ. ವೀಣೆ ಶೇಷಣ್ಣನವರ (1852–1926) ಊರಿನಲ್ಲಿ ಇಷ್ಟು ಬಯಸುವುದು ಹೆಚ್ಚೇನಲ್ಲ ಅಲ್ವಾ? ಹಂತ ಹಂತವಾಗಿ ನೋಡೋಣ.

1. ಸೈಟು ನೋಡಲು ಸಂಜೆ ಹೋಗಿ

ಬ್ರೋಕರ್ ಬೆಳಿಗ್ಗೆ ಹನ್ನೊಂದಕ್ಕೆ ತೋರಿಸುವ ಸೈಟು ಯಾವಾಗಲೂ ಶಾಂತವಾಗಿರುತ್ತದೆ. ನಿಮ್ಮ ಪಾಠ ನಡೆಯುವುದು ಸಂಜೆ ಐದರಿಂದ ಎಂಟರವರೆಗೆ. ಆ ಹೊತ್ತಿಗೇ ಹೋಗಿ ಅರ್ಧ ಗಂಟೆ ಸುಮ್ನೆ ನಿಂತು ಕೇಳಿ. ಬಸ್ಸು ಗೇರ್ ಬದಲಿಸುವ ಏರು ಇದೆಯೇ? ಹತ್ತಿರದಲ್ಲಿ ಕಲ್ಯಾಣ ಮಂಟಪ, ವೆಲ್ಡಿಂಗ್ ಅಂಗಡಿ, ಜನರೇಟರ್ ಇದೆಯೇ? ಚಾಮರಾಜಪುರಂ ಕಡೆಯಾದರೆ ರೈಲು ಹಳಿ ಎಷ್ಟು ದೂರ? ಒಂದು ಭಾನುವಾರವೂ ಹೋಗಿ, ಮದುವೆ ಮುಹೂರ್ತದ ದಿನವೂ ಹೋಗಿ.

ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಳ್ಳಿ. ಅದರ ಲೆಕ್ಕ ಕರಾರುವಾಕ್ಕಲ್ಲ. ಆದರೆ ಎರಡು ಸೈಟುಗಳನ್ನು ಹೋಲಿಸಲು ಸಾಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಕಛೇರಿ ಕೋಣೆಯ ಒಳಗೆ ನಮಗೆ ಬೇಕಾದದ್ದು 25ರಿಂದ 30. ಹೊರಗೆ 65 ಇದ್ದರೆ ಗೋಡೆ, ಬಾಗಿಲು, ಕಿಟಕಿ ಎಲ್ಲ ಸೇರಿ 35ರಿಂದ 40 ಡೆಸಿಬೆಲ್ ತಡೆಯಬೇಕು. ಅದು ಸಾಧ್ಯ, ಆದರೆ ದುಬಾರಿ. ಹೊರಗೇ 50 ಇರುವ ಸೈಟು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಮೂಲೆ ಸೈಟಿಗೆ ಜನ ಹೆಚ್ಚು ದುಡ್ಡು ಕೊಡುತ್ತಾರೆ. ಸಂಗೀತಕ್ಕೆ ಮಾತ್ರ ಎರಡು ಕಡೆ ರಸ್ತೆ ಎಂದರೆ ಎರಡು ಕಡೆ ಸದ್ದು.

ಮುಂಗಡ ಕೊಡುವ ಮುಂಚೆ, ಆ ಜಾಗದಲ್ಲಿ ಶಾಲೆ ಮತ್ತು ಸಭಾಂಗಣಕ್ಕೆ ಅನುಮತಿ ಸಿಗುತ್ತದೆಯೇ ಎಂದು ನಗರಪಾಲಿಕೆಯಲ್ಲೋ ಅಭಿವೃದ್ಧಿ ಪ್ರಾಧಿಕಾರದಲ್ಲೋ ಕೇಳಿ. ಮನೆಗೆಂದು ಮಂಜೂರಾದ ಪ್ಲಾನಿನಲ್ಲಿ ನೂರು ಜನ ಸೇರಿಸುವುದು ಸರಿಯಲ್ಲ. ಅವರು ಹೊರಗೆ ಹೋಗಲು ಎರಡು ದಾರಿ, ಗಾಡಿ ನಿಲ್ಲಿಸಲು ಜಾಗ, ಹಿರಿಯರಿಗೆ 12 ಅಡಿಗೆ ಒಂದಡಿ ಏರುವ ರ‍್ಯಾಂಪ್, ಗಂಡಸರಿಗೂ ಹೆಂಗಸರಿಗೂ ಬೇರೆ ಶೌಚಾಲಯ, ಇವೆಲ್ಲ ನಕ್ಷೆಯಲ್ಲಿ ಮೊದಲೇ ಇರಬೇಕು.

2. ಯಾರು, ಯಾವಾಗ, ಯಾವ ವಾದ್ಯ ಎಂದು ಬರೆದಿಟ್ಟುಕೊಳ್ಳಿ

ಎಂಜಿನಿಯರ್ ಹತ್ತಿರ ಹೋಗುವ ಮೊದಲು ನಿಮ್ಮ ವಾರದ ವೇಳಾಪಟ್ಟಿಯನ್ನು ಕಾಗದದ ಮೇಲೆ ಬರೆಯಿರಿ. ಮಂಗಳವಾರ ಆರು ಗಂಟೆಗೆ ಎಷ್ಟು ಪಾಠ ಒಟ್ಟಿಗೆ ನಡೆಯುತ್ತವೆ? ಅದರಲ್ಲಿ ಮೃದಂಗ ಇದೆಯೇ? ಎಷ್ಟು ಕೋಣೆ ಬೇಕು ಎನ್ನುವುದು ಇದರಿಂದಲೇ ತಿಳಿಯುತ್ತದೆ.

ಜಾಗದ ಲೆಕ್ಕ ವಾದ್ಯದಿಂದ ಬರುತ್ತದೆ. ವೀಣೆ ನಾಲ್ಕು ಅಡಿಗಿಂತ ಉದ್ದ. ಕುಳಿತು ನುಡಿಸಲು ಒಬ್ಬರಿಗೆ ಐದಡಿ ಅಗಲ, ಮೂರೂವರೆ ಅಡಿ ಆಳ ಬೇಕು. ಎಂಟು ಜನರಿಗೆ 140 ಚದರಡಿ. ಮೇಷ್ಟ್ರ ಜಾಗ, ಓಡಾಡುವ ದಾರಿ ಸೇರಿದರೆ 200. ಅಷ್ಟೇ ಜಾಗದಲ್ಲಿ ಹಾಡುವ ಮಕ್ಕಳಾದರೆ ಹದಿನೈದು ಮಂದಿ ಆರಾಮವಾಗಿ ಕೂರಬಹುದು.

ಮೃದಂಗ, ತಬಲದ ಕೋಣೆ ನೆಲಮಹಡಿಯಲ್ಲಿರಲಿ. ಮೇಲಿನ ಮಹಡಿಯಲ್ಲಿಟ್ಟರೆ ಅದರ ಪೆಟ್ಟು ನೇರ ಆರ್‌ಸಿಸಿಗೆ ಇಳಿದು ಇಡೀ ಕಟ್ಟಡಕ್ಕೆ ಹರಡುತ್ತದೆ. ವೀಣೆ ಕೋಣೆಯನ್ನು ಅದರಿಂದ ಆದಷ್ಟು ದೂರ, ರಸ್ತೆಗೆ ಬೆನ್ನು ಹಾಕಿ ಇಡಿ. ಎರಡು ಪಾಠದ ಕೋಣೆಗಳ ನಡುವೆ ವಾದ್ಯದ ಕೋಣೆ, ಪುಸ್ತಕದ ಕಪಾಟು, ಮೆಟ್ಟಿಲು ಏನಾದರೊಂದು ಬರಲಿ. ಶೌಚಾಲಯದ ಪೈಪು ಮಾತ್ರ ಸಭಾಂಗಣದ ಗೋಡೆಯಲ್ಲಿ ಇಳಿಯಬಾರದು. ಆಲಾಪನೆಯ ನಡುವೆ ಫ್ಲಶ್ ಸದ್ದು ಕೇಳಿದರೆ ಹಾಡುವವರಿಗೂ ಕೇಳುವವರಿಗೂ ಆಗುವ ಕಿರಿಕಿರಿ ಹೇಳತೀರದು. 30-40 ಸೈಟಿನಲ್ಲಿ ಇದೆಲ್ಲ ಹೊಂದಿಸುವುದು ಕಷ್ಟ. ಸೈಟು ಅಷ್ಟೇ ಇದ್ದರೆ ಸಭಾಂಗಣದ ಆಸೆ ಬಿಟ್ಟು ಮೂರು ಒಳ್ಳೆಯ ಪಾಠದ ಕೋಣೆ ಕಟ್ಟಿ. 40-60 ಇದ್ದರೆ ಎರಡನ್ನೂ ಯೋಚಿಸಬಹುದು.

3. ಗೋಡೆಗಿಂತ ಬಾಗಿಲ ಮೇಲೆ ಕಣ್ಣಿಡಿ

ಸದ್ದು ತಡೆಯುವುದು ಭಾರ. ಗೋಡೆಯ ಭಾರ ಎರಡರಷ್ಟಾದರೆ ಸುಮಾರು 5–6 ಡೆಸಿಬೆಲ್ ಹೆಚ್ಚು ತಡೆ ಸಿಗುತ್ತದೆ. ಎರಡೂ ಕಡೆ ಗಾರೆ ಮಾಡಿದ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಹತ್ತಿರ ಹತ್ತಿರ 50 ಡೆಸಿಬೆಲ್ ತಡೆಯುತ್ತದೆ. ಅದಕ್ಕಿಂತ ಒಳ್ಳೆಯದು ಹುಡುಕಬೇಕಿಲ್ಲ. ಪ್ಲೈವುಡ್ ಪಾರ್ಟಿಷನ್, ಗಾರೆಯಿಲ್ಲದ ಟೊಳ್ಳು ಬ್ಲಾಕು ಬೇಡ. ಗೋಡೆ ಫಾಲ್ಸ್ ಸೀಲಿಂಗಿಗೆ ನಿಲ್ಲದೆ ಮೇಲಿನ ಆರ್‌ಸಿಸಿವರೆಗೂ ಹೋಗಬೇಕು. ಇದನ್ನು ಮೇಸ್ತ್ರಿಗೆ ಬಿಡಿಸಿ ಹೇಳಿ. ಫಾಲ್ಸ್ ಸೀಲಿಂಗ್ ಮೇಲಿನ ಖಾಲಿ ಜಾಗದಲ್ಲಿ ಪಕ್ಕದ ಕೋಣೆಯ ಪಾಠವೆಲ್ಲ ಹರಿದು ಬರುತ್ತದೆ.

ಇನ್ನು ಬಾಗಿಲು. ಏಳಡಿ ಎತ್ತರ, ಮೂರಡಿ ಅಗಲದ ಬಾಗಿಲಿನ ಕೆಳಗೆ ಒಂದು ಸೆಂಟಿಮೀಟರ್ ಸಂದು ಇದೆ ಎನ್ನಿ. ಬಾಗಿಲಿನ ಒಟ್ಟು ವಿಸ್ತಾರದಲ್ಲಿ ಆ ಸಂದು ನೂರಕ್ಕೆ ಅರ್ಧದಷ್ಟೂ ಇಲ್ಲ. ಆದರೂ ಆ ಬಾಗಿಲು, ಎಷ್ಟೇ ದಪ್ಪ ತೇಗದ್ದಾಗಿರಲಿ, 23 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಅಷ್ಟೇ ಅಲ್ಲ. 50 ಡೆಸಿಬೆಲ್ ತಡೆಯುವ ನಿಮ್ಮ ಹತ್ತು ಚದರ ಮೀಟರ್ ಇಟ್ಟಿಗೆ ಗೋಡೆಯಲ್ಲಿ ಈ ಬಾಗಿಲು ಕೂತ ತಕ್ಷಣ, ಎರಡೂ ಸೇರಿದ ತಡೆ 30ರ ಆಸುಪಾಸಿಗೆ ಇಳಿಯುತ್ತದೆ. ಗೋಡೆಗೆ ಹಾಕಿದ ದುಡ್ಡೆಲ್ಲ ಆ ಒಂದು ಸಂದಿಯಲ್ಲಿ ಹೋಯಿತು.

ಆದ್ದರಿಂದ ಒಳಗೆ ಟೊಳ್ಳಿಲ್ಲದ, 40 ಮಿಲಿಮೀಟರಿಗೆ ಕಡಿಮೆಯಿಲ್ಲದ ಫ್ಲಶ್ ಡೋರ್ ಹಾಕಿಸಿ. ಚೌಕಟ್ಟಿನ ಮೂರು ಕಡೆ ರಬ್ಬರ್ ಬೀಡಿಂಗ್ ಇರಲಿ. ಕೆಳಗೆ ಬಾಗಿಲು ಒತ್ತಿ ಕೂರುವ ಹಾಗೆ ರಬ್ಬರ್ ಪಟ್ಟಿಯನ್ನೋ ಗಿಡ್ಡ ಹೊಸಿಲನ್ನೋ ಮಾಡಿಸಿ. ಗಾಲಿಕುರ್ಚಿ ಬರುವ ಕಡೆ ಹೊಸಿಲು ಬೇಡ, ಪಟ್ಟಿಯೇ ಸರಿ. ಪರೀಕ್ಷೆ ಸುಲಭ. ಒಳಗೆ ದೀಪ ಹಾಕಿ, ಹೊರಗೆ ಕತ್ತಲು ಮಾಡಿ ನೋಡಿ. ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲೆಲ್ಲ ಸದ್ದೂ ಬರುತ್ತದೆ. ಸ್ವಿಚ್ ಬೋರ್ಡಿನ ಪೆಟ್ಟಿಗೆಗಳನ್ನು ಗೋಡೆಯ ಎರಡು ಬದಿ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಬೇಡಿ. ಪಡಸಾಲೆಯ ಎರಡು ಬದಿಯ ಬಾಗಿಲುಗಳೂ ಎದುರುಬದುರು ಬೇಡ. ಸಭಾಂಗಣಕ್ಕೆ ಮಾತ್ರ ಎರಡು ಬಾಗಿಲು, ನಡುವೆ ನಾಲ್ಕಡಿ ಜಾಗ ಬಿಡಿ. ತಡವಾಗಿ ಬಂದವರು ಒಂದು ಮುಚ್ಚಿ ಇನ್ನೊಂದು ತೆರೆಯಲಿ.

ರಸ್ತೆ ಕಡೆಯ ಕಿಟಕಿಗೆ ಎರಡು ಗಾಜು, ನಡುವೆ ನಾಲ್ಕಿಂಚು ಖಾಲಿ. ಎರಡು ಗಾಜಿನ ದಪ್ಪ ಬೇರೆ ಬೇರೆ ಇರಲಿ. ಒಂದು 6, ಇನ್ನೊಂದು 10 ಮಿಲಿಮೀಟರ್. ಒಂದರಲ್ಲಿ ನುಸುಳುವ ಸ್ವರ ಇನ್ನೊಂದರಲ್ಲಿ ನುಸುಳುವುದಿಲ್ಲ.

4. ಪಾಠದ ಕೋಣೆ ಚಚ್ಚೌಕ ಬೇಡ

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರ. ಲೆಕ್ಕಕ್ಕೆ ಸುಲಭ, ಕಿವಿಗೆ ಹಿಂಸೆ. ಎದುರುಬದುರು ಗೋಡೆಗಳ ನಡುವೆ ಅವುಗಳ ದೂರಕ್ಕೆ ಹೊಂದುವ ತಗ್ಗು ಸ್ವರವೊಂದು ನಿಂತು ಊದಿಕೊಳ್ಳುತ್ತದೆ. ಹತ್ತಡಿಗೆ ಅದು ಸುಮಾರು 56 ಹರ್ಟ್ಜ್. ಮೂರೂ ಅಳತೆ ಒಂದೇ ಆದರೆ ಮೂರೂ ಕಡೆ ಅದೇ ಸ್ವರ ಉಬ್ಬುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ಮೃದಂಗದ ಎಡಬದಿಯ ತಗ್ಗು ದನಿ ದಡಬಡ ಅನ್ನುತ್ತದೆ, ನಡುವೆ ಕೂತರೆ ಕೇಳುವುದೇ ಇಲ್ಲ. ಒಂದು ಮನೆ ಶ್ರುತಿಯಲ್ಲಿ (ಪಶ್ಚಿಮದವರ C) ಹಾಡುವ ಗಂಡುದನಿಗೆ ತಂಬೂರಿಯ ಮಂದ್ರ ಷಡ್ಜ, ಅಂದರೆ ತಗ್ಗಿನ ಸ, ಸುಮಾರು 65 ಹರ್ಟ್ಜ್. ಕೋಣೆಯ ಅಗಲ ಎಂಟೂವರೆ ಅಡಿ ಇದ್ದರೆ ಸರಿಯಾಗಿ ಆ ಷಡ್ಜವೇ ಸಿಕ್ಕಿಬೀಳುತ್ತದೆ. ಮಗು ಶ್ರುತಿ ಕೇಳಿ ಹಾಡಬೇಕೋ, ಕೋಣೆ ಕೇಳಿ ಹಾಡಬೇಕೋ?

ಎತ್ತರ 10 ಅಡಿ ಇದ್ದರೆ ಅಗಲ 12.8 ಅಡಿ, ಉದ್ದ 15.4 ಅಡಿ ಮಾಡಿ. ಈ ಅನುಪಾತದಲ್ಲಿ ಊದುವ ಸ್ವರಗಳು ಒಂದರ ಮೇಲೊಂದು ಬೀಳದೆ ಹರಡಿಕೊಳ್ಳುತ್ತವೆ. 197 ಚದರಡಿ. ಮೇಲೆ ಹೇಳಿದ ವೀಣೆ ತರಗತಿಗೆ ಸರಿಹೋಯಿತು. ನೆಲಕ್ಕೆ ಜಮಖಾನ, ಒಂದು ಗೋಡೆಗೆ ಪುಸ್ತಕದ ಕಪಾಟು, ಅದರ ಪಕ್ಕದ ಗೋಡೆಯಲ್ಲಿ ಅರ್ಧಕ್ಕೆ ಸದ್ದು ಹೀರುವ ಪ್ಯಾನೆಲ್. ಸಾಕು. ಪೂರ್ತಿ ಕೋಣೆಗೆ ಪ್ಯಾನೆಲ್ ಬಡಿದರೆ ಮಕ್ಕಳಿಗೆ ತಮ್ಮ ದನಿಯೇ ಕೇಳದೆ ಕಿರುಚಿ ಹಾಡುವುದು ಅಭ್ಯಾಸವಾಗುತ್ತದೆ.

5. ಸಭಾಂಗಣದ ಲೆಕ್ಕ ನೀವೇ ಹಾಕಿ

ಇದನ್ನು ತಜ್ಞರಿಗೇ ಬಿಡಬೇಕು ಎಂದು ಅನೇಕರು ಹೆದರುತ್ತಾರೆ. ಮೊದಲ ಅಂದಾಜನ್ನು ಗುಣಿಸಿ ಭಾಗಿಸಲು ಬಲ್ಲ ಯಾರೂ ಮಾಡಬಹುದು. ಅಮೆರಿಕದ ವ್ಯಾಲೇಸ್ ಸ್ಯಾಬಿನ್ 1890ರ ದಶಕದಲ್ಲಿ ಹಾರ್ವರ್ಡಿನ ಒಂದು ಕೆಟ್ಟ ಉಪನ್ಯಾಸ ಕೋಣೆಯನ್ನು ಸರಿಮಾಡಲು ಹೋಗಿ ಈ ಸೂತ್ರ ಕಂಡುಕೊಂಡರು. ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿ. ಒಟ್ಟು ಹೀರಿಕೆ ಎಂದರೆ ಪ್ರತಿ ಮೇಲ್ಮೈಯ ಚದರ ಮೀಟರನ್ನು ಅದು ಸದ್ದು ಹೀರುವ ಪಾಲಿನಿಂದ ಗುಣಿಸಿ ಎಲ್ಲ ಕೂಡಿಸಿದ್ದು. ಬರುವುದು ದನಿ ಪೂರ್ತಿ ಅಡಗಲು ಬೇಕಾದ ಸೆಕೆಂಡುಗಳು. ಭಾಷಣಕ್ಕೆ 0.6, 0.7 ಚೆನ್ನ. ಪಶ್ಚಿಮದ ವಾದ್ಯಗೋಷ್ಠಿಗಳ ದೊಡ್ಡ ಸಭಾಂಗಣಗಳಲ್ಲಿ 2ರ ಆಸುಪಾಸು. ನಮ್ಮ ಕಛೇರಿಗೆ, ಅದರಲ್ಲೂ ಚಿಕ್ಕ ಜಾಗದಲ್ಲಿ, 1ರಿಂದ 1.2 ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕಿಂತ ಜಾಸ್ತಿಯಾದರೆ ಬಿರ್ಕಾಗಳು (ವೇಗದ ಸ್ವರದ ಗೊಂಚಲುಗಳು), ಮೃದಂಗದ ಸೊಲ್ಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಡಿಮೆಯಾದರೆ ವೀಣೆಯ ಎಳೆ ಬೇಗ ಸಾಯುತ್ತದೆ.

ಉದಾಹರಣೆಗೆ 12 ಮೀಟರ್ ಉದ್ದ, 8 ಮೀಟರ್ ಅಗಲ, 4.5 ಮೀಟರ್ ಎತ್ತರದ ಸಭಾಂಗಣ ತೆಗೆದುಕೊಳ್ಳಿ. ಅಡಿಯಲ್ಲಿ ಸುಮಾರು 40, 26, 15. ಗಾತ್ರ 432 ಘನ ಮೀಟರ್. ನೆಲ, ಸೂರು, ಗೋಡೆ ಸೇರಿ 372 ಚದರ ಮೀಟರ್. ಗಾರೆ, ಟೈಲ್ಸ್, ಕಲ್ಲು ಇವು ಬಿದ್ದ ಸದ್ದಿನಲ್ಲಿ ನೂರಕ್ಕೆ ಎರಡು ಮೂರರಷ್ಟನ್ನು ಮಾತ್ರ ಹೀರುತ್ತವೆ. 0.025 ಎಂದಿಟ್ಟುಕೊಂಡರೆ ಒಟ್ಟು ಹೀರಿಕೆ 9.3. ಲೆಕ್ಕ ಹಾಕಿದರೆ ಏಳೂವರೆ ಸೆಕೆಂಡು! ಬಾಗಿಲು, ಕಿಟಕಿ ಒಂದಿಷ್ಟು ಹೀರುವುದರಿಂದ ನಿಜಕ್ಕೂ ಅಷ್ಟಿರುವುದಿಲ್ಲ. ಆದರೂ ಖಾಲಿ ಕಲ್ಯಾಣ ಮಂಟಪದಲ್ಲಿ ಮಾತು ತಿಳಿಯದಿರುವುದು ಇದೇ ಕಾರಣಕ್ಕೆ.

ಈಗ 80 ಜನ ಬಂದು ಕೂತರು. ಒಬ್ಬರ ಹೀರಿಕೆ ಸುಮಾರು 0.45 ಚದರ ಮೀಟರಿನಷ್ಟು. ಒಟ್ಟು 36 ಸೇರಿತು. ಹೀರಿಕೆ 45.3, ಸಮಯ 1.5 ಸೆಕೆಂಡು. ಇದರ ಮೇಲೆ 25 ಚದರ ಮೀಟರಿನಷ್ಟು ಒಳ್ಳೆಯ ಪ್ಯಾನೆಲ್ ಹಾಕಿದರೆ ಇನ್ನೊಂದು 20 ಸೇರುತ್ತದೆ. ಸಮಯ 1.07ಕ್ಕೆ ಬಂತು. ನಮಗೆ ಬೇಕಾದದ್ದು ಇದೇ. ಆದರೆ ಇಪ್ಪತ್ತೇ ಜನ ಬಂದ ದಿನ ಇದೇ ಕೋಣೆ 1.8ಕ್ಕೆ ಹೋಗುತ್ತದೆ. ಅಂಥ ದಿನಕ್ಕೆಂದು ಹಿಂದಿನ ಗೋಡೆಗೆ ಎಳೆದು ಬಿಡಬಹುದಾದ ದಪ್ಪ, ನೆರಿಗೆಯ ಪರದೆ ಇಟ್ಟುಕೊಳ್ಳಿ. ಮೆತ್ತೆ ಹಾಕಿದ ಕುರ್ಚಿಯೂ ನೆರವಾಗುತ್ತದೆ, ಏಕೆಂದರೆ ಜನ ಇಲ್ಲದಾಗ ಜನರ ಕೆಲಸವನ್ನು ಅದೇ ಒಂದಿಷ್ಟು ಮಾಡುತ್ತದೆ.

ನಮ್ಮ ಹಳೆಯ ದೇವಸ್ಥಾನಗಳ ಮಂಟಪಗಳಲ್ಲಿ ನೆಲ, ಕಂಬ, ಸೂರು ಎಲ್ಲ ಕಲ್ಲೇ. ಆದರೂ ಅಲ್ಲಿ ನಾಗಸ್ವರ ಕಲಸಿಹೋಗುವುದಿಲ್ಲ. ಮಂಟಪದ ಬದಿಗಳು ತೆರೆದಿರುತ್ತವೆ. ತೆರೆದ ಜಾಗಕ್ಕೆ ಹೋದ ಸದ್ದು ವಾಪಸ್ ಬರುವುದಿಲ್ಲ, ಅಂದರೆ ಅದರ ಹೀರಿಕೆ ಪೂರ್ತಿ 1. ಅದೇ ಕಲ್ಲು ಹಾಸಿ ನಾಲ್ಕು ಕಡೆ ಗೋಡೆ ಎಬ್ಬಿಸಿದರೆ ಕತೆ ಬೇರೆ. "ದೇವಸ್ಥಾನದ ಥರ ಗ್ರಾನೈಟ್ ಹಾಕಿಸೋಣ" ಎನ್ನುವವರಿಗೆ ಇದನ್ನು ತಿಳಿಸಿ ಹೇಳಿ. ಗುಮ್ಮಟವೂ ಬೇಡ. ಬಾಗಿದ ಸೂರು ಸದ್ದನ್ನೆಲ್ಲ ಒಂದೆಡೆ ತಂದು ಗುಡ್ಡೆ ಹಾಕುತ್ತದೆ. ಅಕ್ಕಪಕ್ಕದ ಗೋಡೆಗಳನ್ನು ಹಿಂದಕ್ಕೆ ಹೋದಂತೆ ಐದಾರು ಡಿಗ್ರಿ ಅಗಲಿಸಿದರೆ ಚಪ್ಪಾಳೆ ತಟ್ಟಿದಾಗ ಬರುವ ಟರ್ ಎನ್ನುವ ಮಾರ್ದನಿ ಹೋಗುತ್ತದೆ.

ಪ್ಯಾನೆಲ್ ಎಂದರೆ 50 ಮಿಲಿಮೀಟರ್ ರಾಕ್‌ವೂಲ್, ಹಿಂದೆ ಎರಡಿಂಚು ಖಾಲಿ, ಮುಂದೆ ಗಾಳಿಯಾಡುವ ಖಾದಿ ಬಟ್ಟೆ. ಬಡಗಿಯಿಂದ ಚೌಕಟ್ಟು ಮಾಡಿಸಿ ಇಲ್ಲೇ ಕಟ್ಟಿಸಬಹುದು. ರಾಕ್‌ವೂಲ್‌ಗೆ ಬೆಂಕಿ ಹತ್ತುವುದಿಲ್ಲ. ಮೊಟ್ಟೆ ಟ್ರೇ, ಥರ್ಮೋಕೋಲ್ ಅಂಟಿಸಬೇಡಿ. ಅವು ತಗ್ಗು ಸ್ವರಗಳಿಗೆ ಏನೂ ಮಾಡುವುದಿಲ್ಲ, ಬೆಂಕಿ ಬಿದ್ದರೆ ಮಾತ್ರ ಧಗ್ಗೆಂದು ಹತ್ತಿಕೊಳ್ಳುತ್ತವೆ. ಮಕ್ಕಳು ಕೂರುವ ಜಾಗದಲ್ಲಿ ಅವಕ್ಕೆ ಎಡೆಯೇ ಇರಬಾರದು.

6. ವೇದಿಕೆ

ಕಲಾವಿದರ ಹಿಂದೆ ವೆಲ್ವೆಟ್ ಪರದೆ ಬಿಡುವುದು ನಮ್ಮಲ್ಲಿ ರೂಢಿ. ದಯವಿಟ್ಟು ಬಿಡಬೇಡಿ. ಅವರ ಹಿಂದಿನ ಗೋಡೆ ಗಟ್ಟಿಯಾಗಿ, ಸದ್ದನ್ನು ಮುಂದಕ್ಕೆ ತಳ್ಳುವ ಹಾಗಿರಬೇಕು. ಮರದ ಹಲಗೆ ಹೊದಿಸಿದ ಇಟ್ಟಿಗೆ ಗೋಡೆ ಬಹಳ ಒಳ್ಳೆಯದು. ತಲೆಯ ಮೇಲೆ, ಸಭಾಂಗಣದ ನೆಲದಿಂದ ಹತ್ತು ಹನ್ನೆರಡು ಅಡಿ ಎತ್ತರದಲ್ಲಿ, ಸಭೆಯ ಕಡೆ ಸ್ವಲ್ಪ ಎತ್ತಿದ ಹಲಗೆ ಇದ್ದರೆ ವೀಣೆಯ ದನಿ ಹಿಂದಿನ ಸಾಲಿಗೆ ಹೋಗುತ್ತದೆ. ಹೀರುವ ಪ್ಯಾನೆಲ್ಲುಗಳು ಸಭಾಂಗಣದ ಹಿಂದಿನ ಗೋಡೆಯಲ್ಲಿ, ಪಕ್ಕದ ಗೋಡೆಗಳ ಹಿಂಭಾಗದಲ್ಲಿ ಇರಲಿ.

ಎತ್ತರ ಎಷ್ಟು? ಕುರ್ಚಿಯಲ್ಲಿ ಕೂತವರ ತಲೆ ನೆಲದಿಂದ ನಾಲ್ಕೂಕಾಲು ಅಡಿ. ವೀಣೆ ಮೀಟುವ ಬೆರಳು ವೇದಿಕೆಯಿಂದ ಒಂದಡಿ ಮೇಲಿರುತ್ತದೆ. ವೇದಿಕೆ ಒಂದೂವರೆ ಅಡಿ ಇದ್ದರೆ ಮೂರನೇ ಸಾಲಿನವರಿಗೆ ಬೆರಳು ಕಾಣುವುದಿಲ್ಲ, ಕಲಿಯುವ ಮಕ್ಕಳಿಗೆ ಅದೇ ದೊಡ್ಡ ನಷ್ಟ. ಎರಡೂವರೆಯಿಂದ ಮೂರಡಿ ಮಾಡಿ, ಕುರ್ಚಿಗಳನ್ನು ಒಂದರ ಹಿಂದೊಂದು ಬಾರದಂತೆ ಸರಿಸಿ ಹಾಕಿ. ಎಲ್ಲರೂ ಜಮಖಾನದ ಮೇಲೆ ಕೂರುವುದಾದರೆ ಒಂದೂವರೆ ಅಡಿ ಸಾಕು. ನನಗೆ ಕೇಳಿದರೆ ಚಿಕ್ಕ ಸಭೆಗೆ ಜಮಖಾನವೇ ಸರಿ. ಕಲಾವಿದರೂ ಕೇಳುಗರೂ ಹತ್ತಿರವಾಗುತ್ತಾರೆ, ಹಿರಿಯರಿಗೆ ಎರಡು ಬದಿ ಕುರ್ಚಿ ಹಾಕಿದರಾಯಿತು.

ಕಛೇರಿಗೆ 16 ಅಡಿ ಅಗಲ, 12 ಅಡಿ ಆಳ ಸಾಕು. ಭರತನಾಟ್ಯವೂ ಬೇಕೆಂದರೆ 30 ಅಡಿ ಅಗಲ ಬೇಕು, ತೊಲೆಗಳ ಮೇಲೆ ಹಾಸಿದ ಮರದ ನೆಲ ಬೇಕು. ಕಾಂಕ್ರೀಟಿನ ಮೇಲೆ ತಟ್ಟಡವು (ಪಾದ ನೆಲಕ್ಕೆ ತಟ್ಟುವ ಹೆಜ್ಜೆ) ಮಾಡಿಸಿದರೆ ಮಕ್ಕಳ ಮಂಡಿ ಹಾಳಾಗುತ್ತದೆ.

7. ಫ್ಯಾನು, ಮಳೆ, ದೀಪ

ಮೈಸೂರಿನ ಹವೆ ನಮ್ಮ ಭಾಗ್ಯ. ಏಪ್ರಿಲ್ ಬಿಟ್ಟರೆ ಸಂಜೆಗೆ ಏಸಿ ಬೇಕಿಲ್ಲ. ರಸ್ತೆಯಿಲ್ಲದ ಕಡೆ ಗಾಳಿಕಿಂಡಿ ಇಡಿ. ಕಿಂಡಿ ನೇರ ಹೊರಗೆ ತೆರೆಯದೆ, ಒಳಗೆ ರಾಕ್‌ವೂಲ್ ಹೊದಿಸಿದ ಎರಡು ತಿರುವಿನ ಮರದ ಕೊಳವೆಯ ಮೂಲಕ ಹೋಗಲಿ. ಗಾಳಿ ತಿರುಗಿ ಬರುತ್ತದೆ, ಸದ್ದು ತಿರುವಿನಲ್ಲಿ ಉಳಿಯುತ್ತದೆ. ಫ್ಯಾನುಗಳು ನಿಧಾನ ವೇಗದಲ್ಲಿ ಸದ್ದಿಲ್ಲದೆ ತಿರುಗುತ್ತವೆಯೇ ಎಂದು ಅಂಗಡಿಯಲ್ಲೇ ಕೇಳಿ ನೋಡಿ. ಗುಂಯ್‌ಗುಡುವ ರೆಗ್ಯುಲೇಟರ್, ಡಿಮ್ಮರ್, ಯುಪಿಎಸ್ ಸಭಾಂಗಣದ ಹೊರಗಿರಲಿ.

ಸೂರು ಆರ್‌ಸಿಸಿಯೇ ಆಗಬೇಕು. ತಾರಸಿಯ ಮೇಲೆ ಶೀಟು ಹಾಕಿ ಸಭಾಂಗಣ ಮಾಡುವುದು ಅಗ್ಗ ನಿಜ. ದಸರೆಯ ಹೊತ್ತಿನ ಒಂದು ಜೋರು ಮಳೆ ಬಂದರೆ ಕಛೇರಿ ನಿಲ್ಲಿಸಬೇಕಾಗುತ್ತದೆ.

8. ವಾದ್ಯಗಳಿಗೊಂದು ಕೋಣೆ

ವೀಣೆಯ 24 ಮೆಟ್ಟಿಲು, ಅಂದರೆ ಸ್ವರ ಹಿಡಿಯುವ ಲೋಹದ ಪಟ್ಟಿಗಳು, ಕೂತಿರುವುದು ಮೇಣದ ಮೇಲೆ. ಪಡುವಣ ಬಿಸಿಲು ಬೀಳುವ ಗೋಡೆಗೆ ಒರಗಿಸಿಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲು ಕದಲುತ್ತದೆ, ಸ್ವರಸ್ಥಾನ ಕೆಡುತ್ತದೆ. ವಾದ್ಯದ ಕೋಣೆ ಉತ್ತರಕ್ಕೋ ಪೂರ್ವಕ್ಕೋ ಇರಲಿ. ಶೌಚಾಲಯದ ಗೋಡೆಗೆ ಅಂಟಿಕೊಂಡಿರಬಾರದು. ತೇವಕ್ಕೆ ಮೃದಂಗದ ಚರ್ಮ ಸಡಿಲಾಗುತ್ತದೆ, ಮರ ಹಿಗ್ಗುತ್ತದೆ. ಒಂದು ತೇವಾಂಶ ಮಾಪಕ ತೂಗುಹಾಕಿ, 45ರಿಂದ 55 ಶೇಕಡ ಇರುವಂತೆ ನೋಡಿಕೊಳ್ಳಿ. ಬಾಗಿಲು ನಾಲ್ಕಡಿ ಅಗಲವಿದ್ದರೆ ವೀಣೆ, ತಂಬೂರಿ ತಾಕದೆ ಒಳಗೆ ಹೊರಗೆ ಹೋಗುತ್ತವೆ.

9. ಬಣ್ಣ ಹೊಡೆಯುವ ಮುಂಚೆ ಕೇಳಿ ನೋಡಿ

ಗಾರೆ, ಬಾಗಿಲು, ಕಿಟಕಿ ಮುಗಿದ ದಿನ ಪ್ಯಾನೆಲ್ ಇಲ್ಲದೆಯೇ ಒಮ್ಮೆ ಸಭಾಂಗಣಕ್ಕೆ ಹೋಗಿ. ಐದಾರು ಜಾಗದಲ್ಲಿ ನಿಂತು ಚಪ್ಪಾಳೆ ತಟ್ಟಿ. ಟರ್ ಎಂದು ಕೇಳುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಪಕ್ಕದ ಕೋಣೆಯಲ್ಲಿ ಯಾರಾದರೂ ಮೃದಂಗ ನುಡಿಸಲಿ, ನೀವು ಇಲ್ಲಿ ಗೋಡೆ ಉದ್ದಕ್ಕೂ ಕಿವಿಯಿಟ್ಟು ನಡೆಯಿರಿ. ಪೈಪು, ವೈರು ಹಾದುಹೋದ ತೂತುಗಳು ತಾವಾಗಿಯೇ ಸಿಕ್ಕಿಬೀಳುತ್ತವೆ. ಅವನ್ನು ಗಾರೆಯಿಂದ ಮುಚ್ಚಿಸಿ, ಬಾಗಿಲಿನ ರಬ್ಬರ್ ಸರಿಮಾಡಿಸಿ, ಆಮೇಲೆ ಬಣ್ಣದವರನ್ನು ಕರೆಸಿ.

ಪ್ಯಾನೆಲ್ಲುಗಳನ್ನು ಒಂದೇ ಸಲ ಬಿಗಿಯಬೇಡಿ. ಲೆಕ್ಕಕ್ಕೆ 25 ಚದರ ಮೀಟರ್ ಬಂದಿದ್ದರೆ ಮೊದಲು 15 ಹಾಕಿ, ಉಳಿದದ್ದಕ್ಕೆ ಗೋಡೆಯಲ್ಲಿ ಕೊಕ್ಕೆ ಇಟ್ಟಿರಿ. ಮೊದಲ ಎರಡು ಮೂರು ಕಛೇರಿಗೆ ವೀಣೆಯವರು, ಹಾಡುವವರು, ಮೃದಂಗದವರು ಬೇರೆ ಬೇರೆಯಾಗಿ ಬರಲಿ. ನುಡಿಸಿದವರನ್ನೂ ಹಿಂದಿನ ಸಾಲಿನಲ್ಲಿ ಕೂತವರನ್ನೂ ಕೇಳಿ. ದನಿ ಕಲಸುತ್ತಿದೆ ಎಂದರೆ ಇನ್ನೆರಡು ಪ್ಯಾನೆಲ್ ತೂಗುಹಾಕಿ, ಒಣಗಿದಂತಿದೆ ಎಂದರೆ ಎರಡು ಇಳಿಸಿ.